ಅಕ್ಕನ ದಿಬ್ಬಣ ಹೊತ್ತ ಲಾಂಚು

ನಾನು ಚಿಕ್ಕವಳಿದ್ದಾಗ ಹೂಡೆಯ ಹೊಳೆಗೆ ಸೇತುವೆ ಇರಲಿಲ್ಲ ಮಕ್ಕಳೇ. ಆಚೆ ದಡಕ್ಕೆ ಹೋಗಲು ಅಪ್ಪ ಓಡಿಸುತ್ತಿದ್ದ ಮರದ ಲಾಂಚೇ ಗತಿ. ಅದು ಅಪ್ಪನಿಗಿಂತಲೂ ಹಳೆಯದು. ಅಕ್ಕನ ಮದುವೆಯ ವರ್ಷ ಮಳೆಗಾಲ ಪೂರ್ತಿ ಅದನ್ನು ತೆಂಗಿನ ಮಡಲಿನ ಚಪ್ಪರದಡಿ ನಿಲ್ಲಿಸಿ, ಕೊಳೆತ ಹಲಗೆ ಬದಲಿಸಿ, ಸಂದಿಗೆ ಹತ್ತಿ ತುರುಕಿ, ಎಣ್ಣೆ ಬಳಿದು ಅಪ್ಪ ಹೊಸದರಂತೆ ಮಾಡಿದ್ದರು.

ಒಣಗಿದ ಮರ ನೀರಿಗಿಳಿದರೆ ಮೊದಲು ಸೋರುತ್ತದೆ. ಕೆಲವು ದಿನ ನೀರಲ್ಲೇ ಬಿಟ್ಟು, ಹಲಗೆ ಉಬ್ಬಿ ಸಂದಿ ಮುಚ್ಚಿದ ಮೇಲೆಯೇ ಜನ ಹತ್ತಿಸಬೇಕು. ಅಪ್ಪನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಕೆಲಸ ಮುಗಿದದ್ದೇ ಅಕ್ಕನ ಮದುವೆಯ ಹಿಂದಿನ ಸಂಜೆ. ಮದುವೆ ಆಚೆ ದಡದ ವರನ ಮನೆಯಲ್ಲಿ. "ನನ್ನ ಮಗಳ ದಿಬ್ಬಣ ನನ್ನ ಲಾಂಚಿನಲ್ಲೇ ಹೋಗುವುದು" ಎಂದು ಹಟ ಹಿಡಿದರು. ಹಟ ಎಂದರೆ ಅಂತಿಂಥ ಹಟವಲ್ಲ!

ಬೆಳಿಗ್ಗೆ ಶಂಕರಪುರ ಮಲ್ಲಿಗೆಯ ಪರಿಮಳ, ಡೀಸೆಲ್ ವಾಸನೆ ಎರಡೂ ಸೇರಿಕೊಂಡು ದಿಬ್ಬಣ ಹೊರಟಿತು. ನಡುಹೊಳೆಯಲ್ಲಿ ನನ್ನ ಪಾದ ತಣ್ಣಗಾಯಿತು. ಬಗ್ಗಿ ನೋಡಿದರೆ ಹಲಗೆಯ ಸಂದಿಯಿಂದ ನೀರು! "ಅಪ್ಪಾ, ಲಾಂಚು ಮುಳು..." ಎನ್ನುವಷ್ಟರಲ್ಲಿ ಅಮ್ಮ ನನ್ನ ಬಾಯಿ ಮುಚ್ಚಿದರು. ಹೊಳೆಯ ಮೇಲೆ ಆ ಮಾತು ಆಡಬಾರದು. "ನೀರು ಕುಡಿಯುತ್ತಾ ಉಂಟು ಅಂತ ಹೇಳು" ಎಂದರು.

ಕುಡಿಯಿತು, ಕುಡಿಯುತ್ತಲೇ ಇತ್ತು. ಬಾಲ್ದಿ ಇದ್ದದ್ದು ಒಂದೇ. ದೊಡ್ಡಮ್ಮ ಮದುವೆಯ ಬುಟ್ಟಿಗೆ ಕೈ ಹಾಕಿ, ಸಿಕ್ಕಿದ ಗಿಂಡಿಯಿಂದ ನೀರು ಚೆಲ್ಲತೊಡಗಿದರು.

"ಅಯ್ಯೋ, ಎಂತ ಮಾಡುವುದು ನೀವು? ಅದು ಧಾರೆ ಎರೆಯುವ ಗಿಂಡಿ!" ಎಂದು ಅಮ್ಮ ಕೂಗಿದರು.

"ದಡ ಸಿಕ್ಕಿದರಲ್ವಾ ಮಾರಾಯ್ತಿ ಧಾರೆ! ನೀನು ಚೆಂಬು ಹಿಡಿ" ಎಂದರು ದೊಡ್ಡಮ್ಮ.

ಅಕ್ಕನೂ ಜರಿ ಸೀರೆ ಎತ್ತಿಕಟ್ಟಿ ನೀರು ಮೊಗೆದಳು. ಆಚೆ ದಡದಿಂದ ವಾಲಗ ಕೇಳಿಸುತ್ತಿತ್ತು. ಮುಹೂರ್ತ ತಪ್ಪಿದರೆ? ಅದಕ್ಕಿಂತ ಹೆಚ್ಚಾಗಿ, ಅಕ್ಕನಿಗೆ ಈಜು ಬರುತ್ತಿರಲಿಲ್ಲ.

ಅಂತೂ ದಡ ಮುಟ್ಟಿದೆವು. ಒದ್ದೆ ಸೀರೆಯಲ್ಲೇ ಅಕ್ಕ ಮಂಟಪಕ್ಕೆ ಓಡಿದಳು, ಮುಹೂರ್ತ ತಪ್ಪಲಿಲ್ಲ. ಧಾರೆ ಮುಗಿದ ಮೇಲೆ ನೋಡಿದರೆ ಅಪ್ಪ ಲಾಂಚಿನಲ್ಲಿ ಒಬ್ಬರೇ ಕುಳಿತು ಅಳುತ್ತಿದ್ದರು. "ಮದುವೆ ಆಯಿತಲ್ಲ ಅಪ್ಪ, ಈಗ ಎಂತಕ್ಕೆ ಅಳುವುದು?" ಎಂದು ಕೇಳಿದೆ. ಅಪ್ಪ ನೀರು ಬಂದ ಹಲಗೆಯ ಸಂದಿಗೆ ಬೆರಳಿಟ್ಟು ತೋರಿಸಿದರು.

ಈಗ ಊರವರು ಆ ಲಾಂಚನ್ನು ಮತ್ತೆ ದುರಸ್ತಿ ಮಾಡಿಸಿ ನೀರಿಗಿಳಿಸಿದ್ದಾರೆ. ಕಳೆದ ಭಾನುವಾರ ನೀವು ಅದರಲ್ಲಿ ಕೇಕೆ ಹಾಕುತ್ತಾ ಹೋದಿರಿ. ನಿಮಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಇದೆ, ನೀರೆತ್ತುವ ಪಂಪು ಇದೆ, ಪಕ್ಕದಲ್ಲೇ ಸೇತುವೆ ಇದೆ. ಹೆದರಿಕೆ ಎಂದರೇನೆಂದೇ ನಿಮಗೆ ಗೊತ್ತಿಲ್ಲ, ಒಳ್ಳೆಯದೇ ಆಯಿತು. ನೀವು ತಿರುಗಿ ಬಂದು ಇಳಿಯುವ ತನಕ ದಡದಲ್ಲಿ ಹೆದರುತ್ತಾ ನಿಲ್ಲುವುದಕ್ಕೆ ನಾನಿದ್ದೆನಲ್ಲ.