ಎರಡನೆಯ ಹೋಳಿಗೆ

ಮೊನ್ನೆ ಗುರುವಾರ ಚಟ್ನಿಪುಡಿಗೆಂದು ಅಗಸೆ ಹುರಿಯುತ್ತಿದ್ದೆ. ನಾವು ಧಾರವಾಡದ ಕಡೆಯವರು, ತಟ್ಟೆಯ ಮೂಲೆಯಲ್ಲಿ ಅಗಸೆ ಪುಡಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಆಗುವುದಿಲ್ಲ. ಕುವೈತಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ನಮ್ಮ ನಾಲಿಗೆ ಮಾತ್ರ ಇಲ್ಲಿನ ಇಕಾಮಾ, ಅಂದರೆ ವಾಸದ ಪರವಾನಗಿ, ಹೊಡೆಸಿಕೊಂಡಿಲ್ಲ. ಅಡುಗೆಮನೆಯ ಫ್ಯಾನು ಎರಡು ದಿನದಿಂದ ಕೆಟ್ಟಿತ್ತು. ಹುರಿದ ಅಗಸೆಯ ವಾಸನೆ ಬಾಗಿಲ ಸಂದಿಯಿಂದ ಹೊರಬಿದ್ದು ಖೈತಾನಿನ ಈ ಹಳೆಯ ಕಟ್ಟಡದ ಕಾರಿಡಾರಿನ ತುಂಬ ಹರಡಿತು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಕಿವಿ ಬಾಗಿಲ ಕಡೆಗೇ ಇತ್ತು. ಯಾರೂ ತಟ್ಟಲಿಲ್ಲ... ಅಷ್ಟರಲ್ಲಿ ಬಾಣಲೆಯಲ್ಲಿದ್ದ ಅಗಸೆ ಸೀದುಹೋಗಿತ್ತು.

ಹದಿನೈದು ವರ್ಷಗಳ ಹಿಂದೆ ಇದೇ ವಾಸನೆ ಹಿಡಿದು ಎದುರು ಮನೆಯವರು ನಮ್ಮ ಬಾಗಿಲು ತಟ್ಟಿದ್ದರು. ತೆಗೆದು ನೋಡಿದರೆ ನನ್ನ ಭುಜದೆತ್ತರದ ಮನುಷ್ಯ. ಕೆನ್ನೆ ಒಳಕ್ಕೆ ಹೋಗಿತ್ತು, ಕಾಲುಗಳು ಸ್ವಲ್ಪ ಹೊರಗೆ ಬಾಗಿದ್ದವು, ವಯಸ್ಸು ಐವತ್ತರ ಹತ್ತಿರ.

"ಅಕ್ಕ, ತಪ್ಪು ತಿಳ್ಕೋಬೇಡಿ. ಮನೇಲಿ ಕುದುರೆ ಏನಾದ್ರೂ ಸಾಕಿದ್ದೀರಾ?"

ಮೈಸೂರಿನ ಕನ್ನಡ. ನನಗೆ ನಗು ತಡೆಯಲಾಗಲಿಲ್ಲ. ಲಾಯದಲ್ಲಿ ಕುದುರೆಗಳಿಗೆ ಅಗಸೆ ಬೇಯಿಸಿ ಹಾಕುತ್ತಾರಂತೆ. ಮೈ ಹೊಳೆಯುತ್ತದೆ, ಹೊಟ್ಟೆ ಹಗುರಾಗಿರುತ್ತದೆ. ಮನುಷ್ಯರೂ ಅದನ್ನು ತಿನ್ನುತ್ತಾರೆ ಎನ್ನುವುದು ಅವರಿಗೆ ಹೊಸ ಸುದ್ದಿ. ಒಂದು ಚಮಚ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇಷ್ಟು ವರ್ಷ ಕುದುರೆಗಳು ನಮಗೆ ಮೋಸ ಮಾಡಿವೆ" ಎಂದರು. ಅಂದಿನಿಂದ ಅವರು ನಮಗೆ ಜಾಕಿ ಅಣ್ಣ.

ಮೈಸೂರು, ಬೆಂಗಳೂರು, ಊಟಿ, ಎಲ್ಲ ಕಡೆ ರೇಸಿನಲ್ಲಿ ಕುದುರೆ ಓಡಿಸಿದವರು. ಆದರೆ ಅವರ ಹೆಸರು ಕೇಳಿದವರು ಯಾರೂ ಇಲ್ಲ. ಗೆದ್ದದ್ದು ಬೆರಳೆಣಿಕೆಯಷ್ಟು ಸಲ. ಅದನ್ನು ಅವರೇ ಯಾವ ಮುಜುಗರವೂ ಇಲ್ಲದೆ ಹೇಳುತ್ತಿದ್ದರು.

"ಪೇಪರಲ್ಲಿ ಮೊದಲ ನಾಲ್ಕು ಕುದುರೆಗೆ ಜಾಕಿ ಹೆಸರೂ ಹಾಕ್ತಾರೆ ಅಕ್ಕ. ಅದರ ಕೆಳಗೆ ಸಣ್ಣದಾಗಿ 'ಆಲ್ಸೋ ರ‍್ಯಾನ್' ಅಂತ ಒಂದು ಸಾಲು. ಅಲ್ಲಿ ಬರೀ ಕುದುರೆ ಹೆಸರು, ಮೇಲೆ ಕೂತೋನ ಹೆಸರಿಲ್ಲ. ನನ್ನ ಸರ್ವೀಸೆಲ್ಲ ಆ ಸಾಲಲ್ಲೇ ಹೋಯ್ತು."

ಆ ಸಾಲಿನ ಕುದುರೆಗಳೆಲ್ಲ ಅವರಿಗೆ ಬಾಯಿಪಾಠ. ಹೆಸರಿಗಿಂತ ಹೆಚ್ಚಾಗಿ ಅವುಗಳ ಸ್ವಭಾವ. ಪಕ್ಕದ ಲಾಯದಲ್ಲಿ ಒಂದು ಮೇಕೆ ಕಟ್ಟದಿದ್ದರೆ ಹುಲ್ಲು ಮುಟ್ಟದ ಕಂದು ಗಂಡು. ಬಿಳಿ ಕರವಸ್ತ್ರ ಕಂಡರೆ ಬೆದರುತ್ತಿದ್ದ ಕರಿಯ. ಒಂದೇ ಕಣ್ಣಿದ್ದರೂ ತಿರುವಿನಲ್ಲಿ ಎಂದೂ ತಪ್ಪು ಹೆಜ್ಜೆ ಇಡದ ಒಂದು ಮುದಿ ಹೆಣ್ಣು... ಕೊನೆಯ ಸ್ಥಾನದಲ್ಲಿ ಬಂದ ಕುದುರೆ ಕೂಡ ಮೈಯೆಲ್ಲ ಬೆವರಿಸಿಕೊಂಡೇ ಬರುತ್ತದೆ ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಶುಕ್ರವಾರ ಚಹಾಕ್ಕೆ ಬಂದಾಗ ನನ್ನ ಎಂಟು ವರ್ಷದ ಮಗಳನ್ನು ಸೋಫಾದ ತೋಳಿನ ಮೇಲೆ ಕೂರಿಸಿ, ನನ್ನ ದುಪಟ್ಟಾವನ್ನು ಲಗಾಮು ಮಾಡಿ, ಹೇಗೆ ಸಡಿಲ ಹಿಡಿಯಬೇಕೆಂದು ಕಲಿಸುತ್ತಿದ್ದರು. ಅವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ಒಬ್ಬಳು ತಂಗಿ, ಅಷ್ಟೇ.

ಕುವೈತಿನಲ್ಲಿ ಅವರದು ಬೆಳಗಿನ ಕೆಲಸ. ಊರ ಹೊರಗಿನ ಒಂದು ಲಾಯದ ಕುದುರೆಗಳನ್ನು ದಿನಾ ಓಡಿಸಿ ಹದವಾಗಿಡಬೇಕು. ರೇಸಿನ ದಿನ ಮೇಲೆ ಕೂರುವವರು ಬೇರೆ. ಆ ಲಾಯದಲ್ಲಿ ಬೂದು ಬಣ್ಣದ ಒಂದು ಹೆಣ್ಣು ಕುದುರೆ ಇತ್ತು. ಅದಕ್ಕೊಂದು ಉದ್ದನೆಯ ಅರಬ್ಬಿ ಹೆಸರಿತ್ತಂತೆ, ಇವರು ಕರೆಯುತ್ತಿದ್ದದ್ದು ಗೌರಿ ಎಂದು. ಮೊದಲ ದಿನದಿಂದಲೂ ಅದರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಗೌರಿಗೊಂದು ಹಟವಿತ್ತು: ಲಗಾಮು ಬಿಗಿದರೆ, ಚಾಟಿ ಮುಟ್ಟಿಸಿದರೆ ಓಟವನ್ನೇ ನಿಲ್ಲಿಸಿಬಿಡುತ್ತಿತ್ತು. ಸಡಿಲ ಬಿಟ್ಟು, ಕಿವಿಯ ಹತ್ತಿರ ಬಾಗಿ, "ಹೋಗಮ್ಮ" ಎಂದರೆ ಸಾಕು, ಹಿಡಿಯುವವರಿಲ್ಲ. ಇದು ಇವರೊಬ್ಬರಿಗೆ ಗೊತ್ತು. ರೇಸಿನ ದಿನ ಮೇಲೆ ಕೂರುವವರು ಹೊಡೆಯುತ್ತಿದ್ದರು, ಅದು ನಿಲ್ಲುತ್ತಿತ್ತು. ನಾನು ಊರಿಂದ ತರಿಸಿದ ಅಗಸೆಯಲ್ಲಿ ಅರ್ಧ ಗೌರಿಯ ಪಾಲು. ನನ್ನ ತವರಿನ ಹೆಸರು ಕೊರೆದ ಸ್ಟೀಲಿನ ಡಬ್ಬಿಯಲ್ಲಿ ಬೇಯಿಸಿದ ಅಗಸೆ ತುಂಬಿಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದರು.

ಆ ವರ್ಷ ಚಳಿಗಾಲದ ರೇಸುಗಳು ಮುಗಿಯುತ್ತ ಬಂದಾಗ ಅವರ ಕಫೀಲ್, ಅಂದರೆ ಆ ಲಾಯದ ಮಾಲೀಕರು, ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಕೊನೆಯ ಶನಿವಾರದ ಓಟದಲ್ಲಿ ಗೌರಿ ಮೊದಲ ಮೂರರೊಳಗೆ ಬಂದರೆ ಮರಿಗೆಂದು ಲಾಯದಲ್ಲೇ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಖಲಾಸ್, ಹೊರದೇಶಕ್ಕೆ ಮಾರಾಟ. ಆಗ ಅಲ್ಲಿನ ಟ್ರೇನರ್, ಬೆಳಿಗ್ಗೆ ಓಡಿಸುವ ಈ ಹಿಂದಿಯೇ, ಅಂದರೆ ಇಂಡಿಯಾದವನೇ, ಒಂದು ಸಲ ಕೂರಲಿ ಎಂದನಂತೆ. ಜಾಕಿ ಅಣ್ಣನ ಲೈಸೆನ್ಸ್ ಇನ್ನೂ ಜೀವಂತವಿತ್ತು. ಸುದ್ದಿ ಹೇಳಲು ಬಂದ ದಿನ ಅವರು ಚಪ್ಪಲಿ ಬಿಡುವುದನ್ನೇ ಮರೆತು ಒಳಗೆ ಬಂದರು.

ಅಡ್ಡಿ ಒಂದೇ, ತೂಕ. ಐವತ್ತಾರು ಕಿಲೋ ಇದ್ದರು, ರೇಸಿನ ದಿನ ತೂಗುವಾಗ ಐವತ್ತೆರಡು ಮೀರಬಾರದಿತ್ತು. ಇಪ್ಪತ್ತು ದಿನ ಅವರು ಬದುಕಿದ್ದು ಕರಿ ಚಹಾ ಮತ್ತು ದಿನಕ್ಕೊಂದು ಸೇಬಿನ ಮೇಲೆ. ಎರಡು ಸ್ವೆಟರು, ಮೇಲೊಂದು ಪ್ಲಾಸ್ಟಿಕ್ ಕೋಟು ತೊಟ್ಟು ನಡು ಮಧ್ಯಾಹ್ನ ಖೈತಾನಿನ ಬೀದಿಗಳಲ್ಲಿ ಬಿರಬಿರನೆ ನಡೆಯುತ್ತಿದ್ದರು. ಬಕಾಲಾದ ಕಿರಾಣಿಯವನು, ಈ ಭಾಯಿಗೆ ತಲೆ ಕೆಟ್ಟಿದೆಯೇ ಎಂದು ನನ್ನನ್ನೇ ಕೇಳಿದ್ದ. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಒಂಟಿ ಮನುಷ್ಯ, ಕೇಳುವವರಿಲ್ಲ, ಹೀಗೇ ಒಂದು ದಿನ ಬಿದ್ದುಹೋಗುತ್ತಾರೆ ಎಂದು ಮನೆಯವರ ಹತ್ತಿರ ದಿನಾ ಹೇಳುತ್ತಿದ್ದೆ.

ಆ ವಾರವೇ ಯುಗಾದಿ. ಹಬ್ಬವಿದ್ದದ್ದು ಮಂಗಳವಾರ. ಆದರೆ ಇಲ್ಲಿ ನಮ್ಮ ಹಬ್ಬಗಳೆಲ್ಲ ಪಂಚಾಂಗದ ಮಾತು ಕೇಳುವುದಿಲ್ಲ, ರಜೆಯ ಮಾತು ಕೇಳುತ್ತವೆ. ಮಂಗಳವಾರ ದೇವರಿಗೊಂದು ದೀಪ ಹಚ್ಚಿ ಆಫೀಸಿಗೆ ಓಡಿದೆವು. ಹೋಳಿಗೆಯನ್ನು ಶುಕ್ರವಾರಕ್ಕೆ ಇಟ್ಟುಕೊಂಡೆವು. ಮಂಗಳವಾರವೇ ಮಾಡಿದ್ದರೆ... ಇದನ್ನು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ, ದೇವರಿಗೇ ಗೊತ್ತು.

ಶುಕ್ರವಾರ ಮಧ್ಯಾಹ್ನ ಮಗಳನ್ನು ಕಳಿಸಿ ಅವರನ್ನು ಕರೆಸಿದೆ. ಬಂದರು, ಕುಳಿತರು, "ಬರೀ ಬ್ಲ್ಯಾಕ್ ಟೀ ಕೊಡಿ ಅಕ್ಕ. ನಾಳೆ ಮಧ್ಯಾಹ್ನ ತಕ್ಕಡಿ ಮೇಲೆ ನಿಂತು ಇಳಿದ ಮೇಲೆ ಎಷ್ಟು ಬೇಕಾದ್ರೂ ಹಾಕಿ" ಎಂದರು. ಹಬ್ಬದ ದಿನ ಮನೆಗೆ ಬಂದವರಿಗೆ ಬರೀ ಚಹಾ ಕೊಟ್ಟು ಕಳಿಸುವುದೇ? ನಾನು ತಟ್ಟೆ ಇಟ್ಟೇಬಿಟ್ಟೆ. ಒಂದು ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಅನ್ನ, ಕಟ್ಟಿನ ಸಾರು. ಬೇಡವೆನ್ನುತ್ತಲೇ ತಿಂದರು. ನಾನು ಎರಡನೆಯದನ್ನು ಹಾಕಲು ಹೋದೆ. ಅವರು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರು. ನಮ್ಮ ಕಡೆ ಅದೊಂದು ಆಟ. ಉಣ್ಣುವವರು ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಬೆರಳ ಸಂದಿಯಿಂದಲಾದರೂ ಹಾಕಬೇಕು. ಅವರದು ಆಟವಲ್ಲ ಎಂದು ನನಗೆ ಹೊಳೆಯಲಿಲ್ಲ.

"ಒಂದ ಹೋಳಗಿ ತಿಂದು ಏಳಬಾರದರೀ ಅಣ್ಣಾರ. ಒಂದ ದಿನಕ್ಕ ಏನೂ ಆಗಂಗಿಲ್ಲ."

"ಮಮ್ಮಾ, ಅಂಕಲ್ ಸೆಡ್ ನೋ," ಎಂದಳು ಮಗಳು.

ಅವಳನ್ನು ಗದರಿಸಿದೆ. ಹೋಳಿಗೆ ಹಾಕಿದೆ, ಇನ್ನಷ್ಟು ತುಪ್ಪ ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವರು ತಲೆ ತಗ್ಗಿಸಿ ಅದನ್ನು ತಿನ್ನುತ್ತಿದ್ದರು. ಆಮೇಲೆ ತಡೆಯಲಾರದೆ ಎರಡು ಲೋಟ ನೀರು ಕುಡಿದರು. ಇಪ್ಪತ್ತು ದಿನದ ಬಾಯಾರಿಕೆ ಅದು. ನನಗೆ ತೃಪ್ತಿಯಾಯಿತು.

ಶನಿವಾರ ಸಂಜೆ ಬಾಗಿಲಲ್ಲಿ ನಿಂತು ಹೇಳಿದರು, "ಕಫೀಲ್ ಮನಸ್ಸು ಬದಲಾಯಿಸಿದ್ರು ಅಕ್ಕ. ಬೇರೆಯವನನ್ನ ಕೂರಿಸಿದ್ರು. ಅವನು ಹೊಡೆದ, ಗೌರಿ ನಿಂತುಬಿಟ್ಟಳು." ಒಳಗೆ ಬರಲಿಲ್ಲ. ನಾನು ಆ ಕಫೀಲನನ್ನು ಬಾಯಿಗೆ ಬಂದಂತೆ ಬೈದೆ. ಮಾತು ಕೊಟ್ಟು ತಪ್ಪಿದವನ ಮನೆ ಉದ್ಧಾರವಾಗುವುದಿಲ್ಲ ಎಂದೆ. ಅವರು "ಹೋಗಲಿ ಬಿಡಿ ಅಕ್ಕ, ಅವರದೇನೂ ತಪ್ಪಿಲ್ಲ" ಎಂದು ತಮ್ಮ ಮನೆಯ ಬೀಗ ತೆಗೆದರು.

ಹತ್ತು ದಿನಗಳ ನಂತರ ಎಂದಿನಂತೆ ಡಬ್ಬಿ ತುಂಬಿಕೊಂಡು ಹೋದವರು ತುಂಬಿದ ಡಬ್ಬಿಯನ್ನೇ ವಾಪಸ್ ತಂದರು. ಲಾಯದಲ್ಲಿ ಗೌರಿ ನಿಲ್ಲುತ್ತಿದ್ದ ಜಾಗ ಖಾಲಿಯಿತ್ತಂತೆ. ಇವರಿಗೆ ಯಾರೂ ಹೇಳಿರಲಿಲ್ಲ. ಕುದುರೆಯನ್ನು ಕಳಿಸುವಾಗ ಅದನ್ನು ಓಡಿಸುವವನಿಗೆ ಹೇಳುವ ಪದ್ಧತಿ ಎಲ್ಲಿಯೂ ಇಲ್ಲವಂತೆ. ಆ ಡಬ್ಬಿಯನ್ನು ನಮ್ಮ ಮೇಜಿನ ಮೇಲಿಟ್ಟು ತಮ್ಮ ಮನೆಗೆ ನಡೆದರು. ಬೇಸಿಗೆ ಜೋರಾಗುವ ಮೊದಲೇ ವೀಸಾ ಕ್ಯಾನ್ಸಲ್ ಮಾಡಿಸಿ ಮೈಸೂರಿಗೆ ಹೊರಟುಹೋದರು. ಹೊರಡುವಾಗ ಮಗಳ ತಲೆ ಸವರಿ, "ಲಗಾಮು ಸಡಿಲ ಇಟ್ಕೋ ಪುಟ್ಟಿ" ಎಂದರು.

ಅವರು ಹೋಗಿ ತಿಂಗಳಾಗಿರಬಹುದು. ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ರಾಜಸ್ಥಾನದ ಮುದುಕ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ನನ್ನ ಇನ್ನೊಂದು ಡಬ್ಬಿ. ಅಕ್ಕನಿಗೆ ಮುಟ್ಟಿಸು ಎಂದು ಹೇಳಿ ಹೋಗಿದ್ದರಂತೆ. ಚಹಾ ಕೊಟ್ಟು, ಮತ್ತೆ ಆ ಕಫೀಲನ ಸುದ್ದಿ ಎತ್ತಿದೆ. ಮುದುಕ ನನ್ನ ಮುಖವನ್ನೇ ನೋಡಿದ.

"ಕಫೀಲ್ ನೇ ಕುಛ್ ನಹೀ ಕಿಯಾ ಬೆಹನ್‌ಜೀ. ಆಧಾ ಕಿಲೋ. ಬಸ್, ಆಧಾ ಕಿಲೋ ಜ್ಯಾದಾ ಥಾ."

ಕಫೀಲ್ ಏನೂ ಮಾಡಿರಲಿಲ್ಲವಂತೆ. ಶನಿವಾರ ಬೆಳಿಗ್ಗೆ ಜಾಕಿ ಅಣ್ಣನ ತೂಕ ನೋಡಿದರೆ ಒಂದು ಕಿಲೋಗೂ ಮೇಲೆ ಏರಿತ್ತಂತೆ. ಸ್ವೆಟರುಗಳನ್ನೆಲ್ಲ ತೊಟ್ಟು ಬಿಸಿಲಲ್ಲಿ ನಿಲ್ಲಿಸಿದ ಪಿಕಪ್ಪಿನೊಳಗೆ ಗಾಜು ಏರಿಸಿಕೊಂಡು ಕುಳಿತರಂತೆ. ಒಂದು ಹೊತ್ತಿನ ಮೇಲೆ ಬೆವರು ಬರುವುದೇ ನಿಂತುಹೋಯಿತಂತೆ. ತಕ್ಕಡಿಯ ಮೇಲೆ ನಿಂತಾಗ ಅರ್ಧ ಕಿಲೋ ಹೆಚ್ಚು. ಅಲ್ಲಿಯವರು ಆಗದೆಂದು ತಲೆಯಾಡಿಸಿದರು, ಜೀನು ಬೇರೆಯವನ ಕೈಗೆ ಹೋಯಿತು. ಏನು ತಿಂದೆಯೋ ಮಹರಾಯ ಎಂದು ಇವನು ಕೇಳಿದ್ದಕ್ಕೆ, ಹಬ್ಬ, ಅಕ್ಕ ಬಡಿಸಿದರು, ಬೇಡವೆಂದರೆ ನೊಂದುಕೊಳ್ಳುತ್ತಾರೆ ಎಂದರಂತೆ. ನನಗೆ ಹೇಳಬೇಡವೆಂದೂ ಅಂದಿದ್ದರಂತೆ. ಮುದುಕನಿಗೆ ಅದು ಆಮೇಲೆ ನೆನಪಾಗಿ ಕಿವಿ ಹಿಡಿದುಕೊಂಡ.

ಒಮ್ಮೆ ಮೈಸೂರಿಗೆ ಫೋನು ಮಾಡಿದೆ. ಅಗಸೆ ಪುಡಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಕೇಳಿದರು, ಹೇಳಿದೆ. ಮಗಳ ಶಾಲೆಯ ವಿಷಯ ಕೇಳಿದರು, ಹೇಳಿದೆ. ಹೇಳಬೇಕಾದ ಮಾತೊಂದನ್ನು ಬಿಟ್ಟು ಎಲ್ಲ ಹೇಳಿದೆ. ಮುಂದಿನ ಸಲ, ಮುಂದಿನ ಸಲ ಎಂದುಕೊಳ್ಳುತ್ತ ಇನ್ನೊಂದು ಯುಗಾದಿ ಬಂತು. ಆ ದಿನ ಧೈರ್ಯ ಮಾಡಿ ಫೋನು ಮಾಡಿದರೆ ಅವರ ತಂಗಿ ಎತ್ತಿದರು. ಅಣ್ಣ ತೀರಿಹೋಗಿ ಎರಡು ತಿಂಗಳಾಯಿತು ಎಂದರು... ಯಾವ ಪೇಪರಿನಲ್ಲೂ ಒಂದು ಸಾಲು ಬಂದಿರಲಿಕ್ಕಿಲ್ಲ.

ಅಂದಿನಿಂದ ನಾನು ಯಾರಿಗೂ ಒತ್ತಾಯ ಮಾಡಿ ಬಡಿಸುವುದಿಲ್ಲ. ಸಾಕು ಎಂದರೆ ಕೈ ಹಿಂದಕ್ಕೆ ತೆಗೆದುಬಿಡುತ್ತೇನೆ. ನಮ್ಮವರ ನಡುವೆ ಇದೊಂದು ತಮಾಷೆಯಾಗಿದೆ. ಮೊನ್ನೆ ಶುಕ್ರವಾರದ ಯುಗಾದಿಗೂ ಹಾಗೇ ಆಯಿತು. ಮನೆಯವರ ಕಂಪನಿಗೆ ಹೊಸದಾಗಿ ಬಂದ ವಿಜಯಪುರದ ಎಂಜಿನಿಯರ್ ಒಬ್ಬರು ಒಂದೇ ಹೋಳಿಗೆ ತಿಂದು "ಸಾಕ್ರೀ" ಎಂದರು. ಸರಿ ಎಂದು ಪಾತ್ರೆ ಒಳಗೆ ಒಯ್ದೆ. "ಏನವಾ, ಕುವೈತ್ ನೀರು ಕುಡದು ನಿನ್ನ ಕೈ ಬಿಗಿ ಆಗ್ಯದ" ಎಂದು ಗೆಳತಿ ಎಲ್ಲರೆದುರು ನಗಾಡಿದಳು. ನಾನೂ ನಕ್ಕೆ.

ಎಲ್ಲರೂ ಹೋದ ಮೇಲೆ ಮಗಳು ಅಡುಗೆಮನೆಗೆ ಬಂದಳು. ಅವಳಿಗೀಗ ಇಪ್ಪತ್ತಮೂರು, ಇಲ್ಲೇ ಕುವೈತಿನ ಎಗೈಲಾದಲ್ಲಿ ಕೆಲಸ. ಯಾಕೆ ಹೀಗೆ ಮಾಡುತ್ತಿ ಎಂದು ಕೇಳಿದಳು. ಅವಳಿಗೂ ಹೇಳಿರಲಿಲ್ಲ. ಅಂದು ಮೊದಲ ಸಲ ಎಲ್ಲ ಹೇಳಿದೆ, ಆ ಅರ್ಧ ಕಿಲೋದವರೆಗೆ. ಅವಳ ಮುಖ ಬಿಳಿಚಿಕೊಂಡಿತು.

"ಮಮ್ಮಾ, ನೀ ತುಪ್ಪ ತರಾಕ ಒಳಗ ಹೋಗಿದ್ದಿ. ಅಂಕಲ್ ಅದರಾಗ ಹಾಫ್ ಮುರಿದು ನನ್ನ ಪ್ಲೇಟಿಗೆ ಹಾಕಿದ್ರು. ಪ್ಲೀಸ್ ಪುಟ್ಟಿ ಅಂದ್ರು. ನನಗ ಆಗ ಸ್ವೀಟ್ ಸೇರ್ತಿದ್ದಿಲ್ಲ. ಐ ಪುಟ್ ಇಟ್ ಬ್ಯಾಕ್."

ನೀನು ಸಣ್ಣವಳಿದ್ದೆ, ನಿನ್ನದೇನು ತಪ್ಪು ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೇ ಅಳು ಬಂತು. ಪಾತ್ರೆಯಲ್ಲಿ ಇನ್ನೂ ನಾಲ್ಕು ಹೋಳಿಗೆ ಉಳಿದಿದ್ದವು. ಈಗಲೂ ಸಿಹಿ ಮುಟ್ಟದ ನನ್ನ ಮಗಳು ಒಂದನ್ನೆತ್ತಿ, ಸರಿಯಾಗಿ ಅರ್ಧ ಮುರಿದು, ಸಿಂಕಿನ ಪಕ್ಕ ನಿಂತೇ ತಿಂದಳು. ಉಳಿದರ್ಧ ನನ್ನ ಕೈಯಲ್ಲಿಟ್ಟಳು. ಅಂದು ಆ ಅರ್ಧ ಅವಳು ತಿಂದಿದ್ದರೆ ತಕ್ಕಡಿ ಸರಿಹೋಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಕೇಳೋಣವೆಂದರೆ ಜಾಕಿ ಅಣ್ಣ ಇಲ್ಲ.