ಮನ್ಮನೆಯ ಮಾಸ್ತಿಕಲ್ಲು ಈಗ ಗಾಜಿನೊಳಗೆ

"ರಿಪೇರಿ ಆದ ಮ್ಯೂಸಿಯಮ್ಮಿಗಾ? ಎಂತ ಇದ್ದು ಅಲ್ಲಿ, ಬರೀ ಗಾಜು," ಎಂದರು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರೆಲ್ಲ. ಆದರೂ ಅತ್ತಿಗೆಯ ಜೊತೆ ಹೋದೆ. ಅವಳ ತವರೂರು ಮನ್ಮನೆಯ ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು, ಅಲ್ಲಿದೆ. ಮಗಳ ಮದುವೆಗೆ ಮೊದಲು ಆ ಕಲ್ಲಿಗೆ ಕುಂಕುಮ ಇಡುವುದು ಅವರಲ್ಲಿ ರೂಢಿ. ಅತ್ತಿಗೆಯ ಮಗಳ ಮದುವೆ ಮುಂದಿನ ವಾರ.

ಹೊಸ ದೀಪದ ಬೆಳಕಿಗೆ ಕಲ್ಲಿನಲ್ಲಿ ಕೆತ್ತಿದ ಹೆಣ್ಣಿನ ಎತ್ತಿದ ಕೈಯ ಬಳೆಗಳೂ ಕಾಣುತ್ತಿದ್ದವು. ನಾನು ಅವನ್ನು ಗಮನಿಸಿದ್ದು ಇದೇ ಮೊದಲು. ಆದರೆ ಸುತ್ತ ಗಾಜು.

"ಒಂಚೂರು ಬಾಗ್ಲು ತೆಗಿತ್ರಾ?" ಅತ್ತಿಗೆ ಕಾವಲುಗಾರನನ್ನು ಕೇಳಿದಳು.

"ಕೀಲಿ ನನ್ನ ಹತ್ರ ಇಲ್ರಾ ಅಮ್ಮ."

ಅತ್ತಿಗೆ ಕಲ್ಲಿನ ಹಣೆಗೆ ನೇರವಾಗಿ ಗಾಜಿನ ಮೇಲೇ ಕುಂಕುಮವಿಟ್ಟು ಕೈಮುಗಿದಳು.

ಕಾವಲುಗಾರ ಒದ್ದೆ ಬಟ್ಟೆ ತಂದ. ಉಳಿದ ಗಾಜನ್ನೆಲ್ಲ ಒರೆಸಿ, ಅಷ್ಟು ಜಾಗ ಬಿಟ್ಟು, ಮುಂದಿನ ಪೆಟ್ಟಿಗೆಗೆ ಹೋದ.