ಬೊಟ್ಟು ಅಳಿಸಿದ ಹಿತ್ತಾಳೆ

ಹುಣಸೆಹುಳಿ ಹಚ್ಚಿ ಹಿತ್ತಾಳೆ ತಿಕ್ಕುವಾಗ ಏಳುವ ವಾಸನೆಯನ್ನು ನಾನು ನನ್ನ ಮನೆಯೊಳಗೆ ಬಿಟ್ಟುಕೊಂಡಿಲ್ಲ. ಬಹ್ರೇನಿನ ಜಿಂಜ್‌ನ ನನ್ನ ಫ್ಲ್ಯಾಟಿನಲ್ಲಿ ದೇವರ ಮುಂದೆ ಇರುವುದು ಸ್ಟೀಲಿನ ದೀಪ. ಮೊನ್ನೆ ಪಕ್ಕದ ಮನೆಯವರು ಹಬ್ಬಕ್ಕೆ ದೀಪ ತಿಕ್ಕುತ್ತಿದ್ದರು, ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೇ ಕಾಲು ನಿಂತುಬಿಟ್ಟಿತು. ಇದೇ ಊರಿನ ಉಮ್ ಅಲ್ ಹಸ್ಸಮ್‌ನಲ್ಲಿ ನಾನು ಬೆಳೆದ ಎರಡು ಕೋಣೆಯ ಬಾಡಿಗೆ ಮನೆ ಇಡಿಯಾಗಿ ಎದುರಿಗೆ ಬಂತು. ಅದನ್ನು ಕೆಡವಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ನೀವೂ ಪರದೇಶದ ಬಾಡಿಗೆ ಮನೆಯಲ್ಲಿ ಬೆಳೆದವರಾದರೆ ನಿಮಗೆ ಗೊತ್ತಿರುತ್ತದೆ, ಹೋಗಿ ಮುಟ್ಟಿ ಬರಲು ನಮಗೊಂದು ಗೋಡೆಯೂ ಉಳಿಯುವುದಿಲ್ಲ.

ಅಪ್ಪ ಒಂದು ಶೂಟಿಂಗ್ ರೇಂಜಿನ ವರ್ಕ್‌ಶಾಪಿನಲ್ಲಿದ್ದರು. ಸ್ಪರ್ಧೆಗೆ ಬರುವವರ ರೈಫಲ್ಲುಗಳಿಗೆ ಗುಂಡು ಸಿದ್ಧಮಾಡುವುದು ಅವರ ಕೆಲಸ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೋಶಕ್ಕೆ ಅವರು ಕೇಸು ಎನ್ನುತ್ತಿದ್ದರು. ಅದಕ್ಕೇ ಮತ್ತೆ ಸಿಡಿಮದ್ದು ತುಂಬಿ ಬಳಸುವುದು. ಮದ್ದು ರೇಂಜಿನಲ್ಲೇ ಇರುತ್ತಿತ್ತು, ಖಾಲಿ ಕೇಸುಗಳು ಮಾತ್ರ ಶುಕ್ರವಾರ ವಿಂಗಡಿಸಲು ಮನೆಗೆ ಬರುತ್ತಿದ್ದವು. ಅಪ್ಪ ಹಳೆಯ ಬೆಡ್‌ಶೀಟ್ ಹಾಸಿ, ಕನ್ನಡಕ ಮೂಗಿನ ತುದಿಗಿಳಿಸಿ ಕೂರುತ್ತಿದ್ದರು. ಪ್ರತಿ ಸಲ ತುಂಬಿದ ಗುರುತಿಗೆ ಕೇಸಿನ ಬುಡದಲ್ಲಿ ಮಾರ್ಕರಿನ ಒಂದು ಚುಕ್ಕಿ. ನಮ್ಮ ಮನೆಯಲ್ಲಿ ಅದಕ್ಕೆ ಬೊಟ್ಟು ಎಂದೇ ಹೆಸರು. “ಈ ರೈಫಲ್ ತಾನೇ ಕೇಸನ್ನು ಎಳೆದು ಬಿಸಾಡ್ತದೆ ಮಗಾ, ಹಿತ್ತಾಳೆ ಬೇಗ ಬಳಲ್ತದೆ. ಐದು ಬೊಟ್ಟಾದ್ರೆ ಮುಗೀತು, ಮತ್ತೆ ತುಂಬಿದ್ರೆ ಒಡೀತದೆ,” ಎನ್ನುತ್ತಿದ್ದರು. ತಾನು ತುಂಬಿದ್ದರಲ್ಲಿ ಮೊದಲ ಕೆಲವನ್ನು ತಾನೇ ಹೊಡೆದು ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. “ನಿನ್ನ ಅಪ್ಪನಿಗೆ ಅಕ್ಕಿ ಕಾಳಿಗೂ ಬೊಟ್ಟಿಟ್ಟು ಕೊಡ್ಬೇಕು,” ಎಂದು ಅಮ್ಮ ನಗುತ್ತಿದ್ದಳು.

ನನಗೆ ಎಂಟು ವರ್ಷ. ದೀಪಾವಳಿಗೆ ಮುಂಚೆ ಅಮ್ಮ ದೀಪ ತಿಕ್ಕಿ ಬಟ್ಟಲಿನಲ್ಲಿ ಒಂದಿಷ್ಟು ಹುಣಸೆಹುಳಿ ಉಳಿಸಿದ್ದಳು. ಐದು ಬೊಟ್ಟಿನ ಕೇಸುಗಳು, ಎಸೆಯಬೇಕಾದವು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕಪ್ಪಾಗಿ ಕೂತಿದ್ದವು. ನನಗೆ ಪಾಪ ಅನಿಸಿತು. ಬೊಟ್ಟು ಹೋದರೆ ಹಳೆಯದು ಹೊಸದಾಗುತ್ತದೆ ಎಂದುಕೊಂಡೆ. ಒಂದೊಂದನ್ನೂ ಬುಡ ಸಮೇತ ತಿಕ್ಕಿ, ತೊಳೆದು, ಟವಲಿನಲ್ಲಿ ಒರೆಸಿ, ಇನ್ನೂ ಬೊಟ್ಟು ಬೀಳದ ಕೇಸುಗಳ ಪೆಟ್ಟಿಗೆಗೆ ಸುರಿದೆ. ಅಪ್ಪ ಬೆರಗಾಗಲಿ ಎಂದು ಬಾಯಿ ಬಿಡಲಿಲ್ಲ. ಮರುದಿನ ಅಪ್ಪ ಅವಸರದಲ್ಲಿದ್ದರು. ಮುಚ್ಚಳ ತೆರೆಯದೆ ಪೆಟ್ಟಿಗೆ ಎತ್ತಿಕೊಂಡು ಹೋದರು. ಅವರ ಪೆಟ್ಟಿಗೆಯನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ.

ಮೂರು ದಿನ ಕಳೆದು, ಹೊಡೆದು ನೋಡುವಾಗ ಒಂದು ಕೇಸು ರೈಫಲ್ಲಿನೊಳಗೇ ಒಡೆಯಿತು. ಅಪ್ಪನ ಬಲಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ಕೆಳಗಿನಿಂದ ಅವರು ಹೇಳಿದ್ದು ಒಂದೇ: “ನನ್ನ ಲೆಕ್ಕ ತಪ್ಪಿತು.” ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಹೇಳಿದರೆ ಹೊಡೆಯುತ್ತಾರೆಂಬ ಹೆದರಿಕೆಯಲ್ಲ. ಅಪ್ಪ ನನ್ನನ್ನು ಬೇರೆ ಥರ ನೋಡುತ್ತಾರಲ್ಲ ಎಂಬ ಹೆದರಿಕೆ. ಕೆಲಸ ಹೋಯಿತು, ವೀಸಾ ರದ್ದಾಯಿತು, ಈಸಾ ಟೌನಿನ ನನ್ನ ಶಾಲೆ ಅರ್ಧದಲ್ಲೇ ನಿಂತಿತು. ಊರಿಗೆ ಮರಳಿದ ಮೇಲೆ ಅಪ್ಪ ಬೇರೆಯೇ ಮನುಷ್ಯ. ಬೀಗ ಹಾಕಿ ಮೂರು ಸಲ ಎಳೆದು ನೋಡುವರು. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನೂ ಅಮ್ಮನಿಂದಲೇ ಲೆಕ್ಕ ಮಾಡಿಸುವರು. ಕಣ್ಣಿಗಿಂತ ಹೆಚ್ಚಿನದನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ, ಮತ್ತು ಒಂದು ಮಾತಿನಿಂದ ಅದನ್ನು ಹಿಂದಿರುಗಿಸಬಹುದಿತ್ತು.

ಮದುವೆಯಾಗಿ ನಾನು ಮತ್ತೆ ಬಹ್ರೇನಿಗೇ ಬಂದೆ. ಕೊನೆಯ ಸಲ ಊರಿಗೆ ಹೋದಾಗ, ಈ ಸಲ ಹೇಳಿಯೇ ಹೇಳುತ್ತೇನೆಂದು ಗಟ್ಟಿ ಮಾಡಿಕೊಂಡಿದ್ದೆ. ಅಪ್ಪ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಗುಂಡಿಯನ್ನು ತಿರುಗಿಸುತ್ತ, ಮತ್ತೆ ತಿರುಗಿಸುತ್ತ ನಿಂತಿದ್ದರು. ನಾನು “ಅಪ್ಪಾ” ಎಂದೆ. ಅವರು ಒಂದು ಕಣ್ಣಿನಿಂದ ನನ್ನನ್ನು ನೋಡಿ, “ಬಂದ್ ಆಗಿದ್ಯಾ ನೋಡು ಮಗಾ. ನನ್ನನ್ನು ನನಗೇ ನಂಬ್ಲಿಕ್ಕೆ ಆಗುದಿಲ್ಲ,” ಎಂದರು.

ನಾನು ನೋಡಿದೆ. “ಬಂದ್ ಆಗಿದೆ ಅಪ್ಪ,” ಎಂದೆ. ಅವರು ಸಾಯುವ ಮುಂಚೆ ನಾನು ಅವರಿಗೆ ಹೇಳಿದ್ದು ಅಷ್ಟೇ.